ಎಂಟುನೂರು ಆಸನಗಳ ರಂಗಮಂದಿರದಲ್ಲಿ ಮಾತು ಎಲ್ಲಿ ಕಳೆದುಹೋಗುತ್ತದೆ?

ರಂಗಮಂದಿರ ಬೇಕೆಂದು ವಾಸ್ತುಶಿಲ್ಪಿಯ ಬಳಿಗೆ ಬರುವ ಬೇಡಿಕೆಯಲ್ಲಿ ಸಾಮಾನ್ಯವಾಗಿ ಎರಡೇ ಸಂಗತಿಗಳಿರುತ್ತವೆ. ಒಂದು, ಆಸನಗಳ ಸಂಖ್ಯೆ. ಇನ್ನೊಂದು, ಮುಂಭಾಗ ಹೇಗೆ ಕಾಣಬೇಕು ಎಂಬ ಆಸೆ. ಎಂಟುನೂರು ಆಸನ, ಸಾಧ್ಯವಾದರೆ ಸಾವಿರ. ಮುಂಭಾಗಕ್ಕೆ ಎತ್ತರದ ಕಂಬಗಳು, ಮೇಲೊಂದು ಗೋಪುರ. ಒಳಗೆ ಏನು ನಡೆಯಬೇಕು ಎಂದು ಕೇಳಿದರೆ ‘ಎಲ್ಲವೂ’ ಎಂಬ ಉತ್ತರ ಬರುತ್ತದೆ: ನಾಟಕ, ಯಕ್ಷಗಾನ, ಭರತನಾಟ್ಯ, ಸಂಗೀತ ಕಛೇರಿ, ಕಾಲೇಜಿನ ವಾರ್ಷಿಕೋತ್ಸವ, ಸಚಿವರ ಸಭೆ, ಬೇಸಿಗೆ ಶಿಬಿರದ ಸಮಾರೋಪ.

ಎಲ್ಲವೂ ನಡೆಯಬಹುದಾದ ಕಟ್ಟಡದಲ್ಲಿ ಕೊನೆಗೆ ಸರಿಯಾಗಿ ನಡೆಯುವುದು ಸಭೆ ಮಾತ್ರ. ನಾಟಕದ ಮಾತಿಗೆ ಬೇಕಾದ ಕೋಣೆ ಬೇರೆ, ಸಂಗೀತಕ್ಕೆ ಬೇಕಾದದ್ದು ಬೇರೆ. ಈ ವ್ಯತ್ಯಾಸ ಅಲಂಕಾರದ್ದಲ್ಲ, ಅಳತೆಯದು. ಸದ್ದು ನಿಂತ ಮೇಲೆ ಅದರ ಮೊಳಗು 60 ಡೆಸಿಬೆಲ್‌ನಷ್ಟು (ಡೆಸಿಬೆಲ್ ಎಂದರೆ ಸದ್ದಿನ ಮಟ್ಟದ ಅಳತೆ) ಕುಗ್ಗಲು ಹಿಡಿಯುವ ಸಮಯಕ್ಕೆ ಅನುರಣನ ಅವಧಿ ಎನ್ನುತ್ತೇವೆ. ನಾಟಕಕ್ಕೆ ಅದು ಒಂದು ಸೆಕೆಂಡಿನ ಆಸುಪಾಸಿನಲ್ಲಿರಬೇಕು, ಸ್ವಲ್ಪ ಕಡಿಮೆಯಾದರೂ ನಷ್ಟವಿಲ್ಲ. ಪಾಶ್ಚಾತ್ಯ ವಾದ್ಯವೃಂದಕ್ಕೆ ಎರಡು ಸೆಕೆಂಡು ಬೇಕು. ನಮ್ಮ ಕಛೇರಿಗೆ ಇವೆರಡರ ನಡುವೆ ಎಲ್ಲಿಯೋ ಒಂದು ಜಾಗ. ತಂಬೂರಿಯ ನಾದ ತೆಳುವಾಗಬಾರದು, ಮೃದಂಗದ ನಡೆಯೂ ಕಲಸಿಹೋಗಬಾರದು. ವೇಗದ ಸಂಭಾಷಣೆಯಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಬಂದುಹೋಗುತ್ತವೆ. ಅನುರಣನ ಮೂರು ಸೆಕೆಂಡಿದ್ದರೆ ಈಗ ಆಡಿದ ಅಕ್ಷರದ ಮೇಲೆ ಹಿಂದಿನ ಹತ್ತು ಹನ್ನೆರಡು ಅಕ್ಷರಗಳ ಮೊಳಗು ಹರಡಿಕೊಂಡಿರುತ್ತದೆ. ನಟರ ಉಚ್ಚಾರ ಸರಿಯಿಲ್ಲ ಎಂದು ನಾವು ಬೈಯುವುದು ಎಷ್ಟೋ ಸಲ ಗೋಡೆಯ ತಪ್ಪಿಗೆ.

ಈ ಲೆಕ್ಕದ ಹುಟ್ಟು ಒಂದು ಕೆಟ್ಟ ಉಪನ್ಯಾಸ ಕೊಠಡಿಯಲ್ಲಾಯಿತು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಹೊಸ ಕೊಠಡಿಯಲ್ಲಿ ಪಾಠ ಅರ್ಥವೇ ಆಗುತ್ತಿರಲಿಲ್ಲ. ಒಂದು ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಮೊಳಗುತ್ತಿತ್ತು. ವಾಲೇಸ್ ಸೇಬಿನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕನಿಗೆ ಅದನ್ನು ಸರಿಪಡಿಸುವ ಕೆಲಸ ಬಿತ್ತು. ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ಮೆತ್ತೆಗಳನ್ನು ಆತ ರಾತ್ರಿ ಹೊತ್ತು ತರಿಸಿ, ಆರ್ಗನ್ ಕೊಳವೆಯೊಂದನ್ನು ನುಡಿಸಿ, ಸದ್ದು ಅಡಗುವ ಸಮಯವನ್ನು ಅಳೆದ. ಮೆತ್ತೆಗಳು ಹೆಚ್ಚಿದಂತೆ ಸಮಯ ಕುಗ್ಗಿತು. ಅದರಿಂದ ಹೊರಟ ಸೂತ್ರ ಇಷ್ಟೇ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಳಗಿರುವ ಎಲ್ಲ ಮೇಲ್ಮೈಗಳು ಮತ್ತು ಜನರು ಹೀರುವ ಶಬ್ದದ ಒಟ್ಟು ಪ್ರಮಾಣದಿಂದ ಭಾಗಿಸಿದರೆ ಅನುರಣನ ಅವಧಿ ಸಿಗುತ್ತದೆ. ಅಳತೆಗಳೆಲ್ಲ ಮೀಟರ್‌ನಲ್ಲಿರಬೇಕು. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಸೂತ್ರದ ಮೇಲೆ ನಿಂತ ಮೊದಲ ಕಟ್ಟಡ. ಇಂದಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಭವನಗಳ ಸಾಲಿನಲ್ಲಿ ಅದರ ಹೆಸರಿದೆ.

ಈಗ ಇದೇ ಸೂತ್ರವನ್ನು ನಮ್ಮ ಮಾದರಿಯ ಸಭಾಂಗಣಕ್ಕೆ ಹಚ್ಚಿ ನೋಡೋಣ. 24 ಮೀಟರ್ ಅಗಲ, 30 ಮೀಟರ್ ಉದ್ದ, 10 ಮೀಟರ್ ಎತ್ತರ, 800 ಪ್ಲಾಸ್ಟಿಕ್ ಕುರ್ಚಿ. ಘನ ಅಳತೆ 7,200 ಘನ ಮೀಟರ್. ಗೋಡೆ, ನೆಲ, ಸೂರು ಸೇರಿ 2,520 ಚದರ ಮೀಟರ್. ಗಾರೆ, ಕಾಂಕ್ರೀಟು, ಟೈಲ್ಸ್ ಇವು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ಶೇಕಡ 3ರಷ್ಟನ್ನು ಹೀರಿದರೆ ಹೆಚ್ಚು. ಅಂದರೆ ಬಿದ್ದ ಸದ್ದನ್ನೆಲ್ಲ ಹೀರಿಬಿಡುವ ಸುಮಾರು 76 ಚದರ ಮೀಟರ್ ಮೇಲ್ಮೈಗೆ ಸಮ. ಕುಳಿತ ಮನುಷ್ಯನೊಬ್ಬ 0.45 ಚದರ ಮೀಟರಿನಷ್ಟು ಹೀರುತ್ತಾನೆ. ಸಭಾಂಗಣ ತುಂಬಿದ್ದರೆ ಜನರ ಪಾಲು 360. ಲೆಕ್ಕ ಹಾಕಿದರೆ ಅನುರಣನ 2.7 ಸೆಕೆಂಡು. ಆದರೆ ಹವ್ಯಾಸಿ ತಂಡದ ನಾಟಕಕ್ಕೆ ಎಂಟುನೂರು ಜನ ಎಲ್ಲಿಂದ ಬರಬೇಕು? ಇನ್ನೂರು ಜನ ಬಂದರು ಎನ್ನಿ, ಅದು ಸುಮಾರು 7 ಸೆಕೆಂಡಿಗೆ ಹೋಗುತ್ತದೆ. ರಂಗದ ಪರದೆಗಳು, ತೆರೆದ ಬಾಗಿಲುಗಳು ಒಂದಿಷ್ಟು ಇಳಿಸಬಹುದು. ಇಳಿಸಿದರೂ ಅದು ಮಾತಿನ ಕೋಣೆಯಾಗುವುದಿಲ್ಲ.

ಇದನ್ನು ಒಂದು ಸೆಕೆಂಡಿಗೆ ತರಲು, ತುಂಬಿದ ಸಭೆಯನ್ನೇ ಲೆಕ್ಕಕ್ಕೆ ಹಿಡಿದರೂ, ಶಬ್ದ ಹೀರುವ ಫಲಕಗಳನ್ನು 900 ಚದರ ಮೀಟರಿನಷ್ಟು ಹೊದಿಸಬೇಕು. ಹೆಚ್ಚುಕಡಿಮೆ ನಾಲ್ಕೂ ಗೋಡೆ. ಅದೇ ಸಭಾಂಗಣದ ಎತ್ತರವನ್ನು 10ರಿಂದ 6 ಮೀಟರಿಗೆ ಇಳಿಸಿ ನೋಡಿ: 340 ಚದರ ಮೀಟರ್ ಸಾಕು. ಹಿಂಬದಿಯ ಗೋಡೆ ಮತ್ತು ಪಕ್ಕದ ಗೋಡೆಗಳ ಹಿಂದಿನ ಅರ್ಧಕ್ಕೆ ಹೊದಿಸಿದರೆ ಮುಗಿಯಿತು. ನಾಟಕದ ಸಭಾಂಗಣಕ್ಕೆ ಆಸನವೊಂದಕ್ಕೆ ನಾಲ್ಕೈದು ಘನ ಮೀಟರ್ ಇರಲಿ, ಸಂಗೀತ ಭವನಕ್ಕೆ ಎಂಟರಿಂದ ಹತ್ತು ಎನ್ನುವ ರೂಢಿ ಬಂದದ್ದು ಇದರಿಂದಲೇ. ನಮ್ಮಲ್ಲಿ ನಾಟಕದ ಹೆಸರಿನಲ್ಲಿ ಸಂಗೀತ ಭವನದ ಎತ್ತರ ಕಟ್ಟುತ್ತೇವೆ. ಕಾರಣ ಸರಳ: ಎತ್ತರ ಭವ್ಯವಾಗಿ ಕಾಣುತ್ತದೆ.

‘ಮೈಕ್ ಇದೆಯಲ್ಲ’ ಎನ್ನುವವರಿದ್ದಾರೆ. ಮೈಕ್ ಮಾತನ್ನು ದೊಡ್ಡದು ಮಾಡುತ್ತದೆ, ಮೊಳಗನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಸ್ಪಷ್ಟತೆ ಇದ್ದಲ್ಲಿಯೇ ಇರುತ್ತದೆ, ತಲೆನೋವು ಮಾತ್ರ ಹೆಚ್ಚುತ್ತದೆ.

ಇನ್ನು ದೂರದ ಮಾತು. ನಟನ ಮುಖದ ಭಾವ ಓದಲು ಆಗುವುದು ಸುಮಾರು 20 ಮೀಟರಿನವರೆಗೆ. ಅದರಾಚೆ ಕೈಸನ್ನೆ ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ಇದನ್ನೇ ಹೇಳುತ್ತದೆ. ಮನುಷ್ಯರ ನಾಟಕಕ್ಕೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಗಾತ್ರದ ನಾಟ್ಯಗೃಹ ಸಾಕು. ಅದಕ್ಕಿಂತ ದೊಡ್ಡದು ಮಾಡಿದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣದಾಗುತ್ತದೆ ಎಂಬ ಎಚ್ಚರಿಕೆ ಅಲ್ಲಿದೆ. ಉದ್ದದಲ್ಲಿ ಅರ್ಧ ರಂಗಕ್ಕೆ, ಅರ್ಧ ಪ್ರೇಕ್ಷಕರಿಗೆ. ಹಸ್ತಕ್ಕೆ ಒಂದೂವರೆ ಅಡಿ ಎಂದು ಹಿಡಿದರೆ ಪ್ರೇಕ್ಷಕರ ಭಾಗ 48 ಅಡಿ, ಅಂದರೆ 15 ಮೀಟರಿಗೂ ಕಡಿಮೆ. ಕಿಟಕಿ ಚಿಕ್ಕದಿರಲಿ, ಗಾಳಿ ನುಗ್ಗದಿರಲಿ ಎಂಬ ಸೂಚನೆಯೂ ಇದೆ. ಶಿಲಾನ್ಯಾಸದ ಭಾಷಣದಲ್ಲಿ ಭರತಮುನಿಯನ್ನು ನೆನೆಯದವರು ಕಡಿಮೆ. ಆತ ಕೊಟ್ಟ ಅಳತೆಯನ್ನು ನಕ್ಷೆಯಲ್ಲಿ ನೆನೆದವರು ಇನ್ನೂ ಕಡಿಮೆ.

ಮೆತ್ತೆಯ ಕುರ್ಚಿಗಳ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಏಕೆಂದರೆ ಅಂದಾಜುಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಬಟ್ಟೆ ಹೊದಿಸಿದ ದಪ್ಪ ಮೆತ್ತೆಯ ಖಾಲಿ ಕುರ್ಚಿ, ಅದರಲ್ಲಿ ಕುಳಿತ ಮನುಷ್ಯ ಹೀರುವುದರ ಹತ್ತಿರದಷ್ಟೇ ಸದ್ದನ್ನು ಹೀರುತ್ತದೆ. ಹಾಗಾಗಿ ಇನ್ನೂರು ಜನ ಬಂದರೂ ಎಂಟುನೂರು ಜನ ಬಂದರೂ ಕೋಣೆ ಒಂದೇ ರೀತಿ ವರ್ತಿಸುತ್ತದೆ. ಅರ್ಧ ತುಂಬುವ ಸಭೆಗಳ ಊರಿನಲ್ಲಿ ಇದು ಐಷಾರಾಮವಲ್ಲ. ಮೆತ್ತೆ ಹರಿಯುತ್ತದೆ, ಇಲಿ ಸೇರುತ್ತದೆ, ಐದಾರು ವರ್ಷಕ್ಕೆ ಪ್ಲಾಸ್ಟಿಕ್ ತಂದು ಹಾಕುತ್ತಾರೆ ಎಂಬುದೂ ನಿಜ. ಹೊದಿಕೆ ಬಿಚ್ಚಿ ಬದಲಿಸಬಹುದಾದ ಕುರ್ಚಿ ಕೊಂಡು, ಹೊದಿಕೆಯ ವೆಚ್ಚವನ್ನು ವಾರ್ಷಿಕ ನಿರ್ವಹಣೆಯಲ್ಲಿ ಮೊದಲೇ ಬರೆದಿಡುವುದು ಇದಕ್ಕಿರುವ ದಾರಿ. ರೆಕ್ಸಿನ್ ಹೊದಿಕೆ ಮಾತ್ರ ಬೇಡ. ಒರೆಸಲು ಸುಲಭ, ಆದರೆ ಮಾತಿನ ಸ್ಪಷ್ಟತೆಯನ್ನು ನಿರ್ಧರಿಸುವ ಎತ್ತರದ ಶ್ರುತಿಯ ಸದ್ದುಗಳು ಅದರ ಮೇಲೆ ಜಾರಿಬಿಡುತ್ತವೆ.

ರಂಗದ ಮೇಲೆ ಹೋದರೆ ಕಥೆ ಇನ್ನೂ ಬೇಸರದ್ದು. ನೆಲಕ್ಕೆ ಹೊಳೆಯುವ ಗ್ರಾನೈಟ್ ಹಾಸಿದ ರಂಗಗಳನ್ನು ನೋಡಿದ್ದೇನೆ. ಒಂದೂವರೆ ಗಂಟೆ ತಟ್ಟಡವು (ಪಾದವನ್ನು ನೆಲಕ್ಕೆ ತಟ್ಟುವ ಹೆಜ್ಜೆ) ಹಾಕುವ ನರ್ತಕಿಯ ಮಂಡಿ, ಹಿಮ್ಮಡಿ, ಬೆನ್ನಿಗೆ ಆ ಕಲ್ಲು ಏನು ಮಾಡುತ್ತದೆ ಎಂದು ಯಾರೂ ಕೇಳಿರುವುದಿಲ್ಲ. ಬೆಳಕು ಬಿದ್ದರೆ ಅದು ಪ್ರೇಕ್ಷಕರ ಕಣ್ಣಿಗೂ ಕುಕ್ಕುತ್ತದೆ. ರಂಗದ ನೆಲ ಮರದ್ದಾಗಿರಬೇಕು, ಅಡಿಯಲ್ಲಿ ಮರದ ತೊಲೆಗಳ ಮೇಲೆ ಸ್ವಲ್ಪ ಬಳುಕುವಂತಿರಬೇಕು, ಬಣ್ಣ ಮಬ್ಬು ಕಪ್ಪಾಗಿರಬೇಕು. ರಂಗದ ಎತ್ತರವೂ ಸಭೆಯ ಗಣ್ಯರನ್ನು ನೆನೆದು ಇಟ್ಟದ್ದು. ಕುಳಿತವರ ಕಣ್ಣು ನೆಲದಿಂದ 1.1 ಮೀಟರಿನಷ್ಟು ಮೇಲಿರುತ್ತದೆ. ರಂಗ ಒಂದೂವರೆ ಮೀಟರ್ ಎತ್ತರವಾದರೆ ಮುಂದಿನ ಸಾಲಿನವರಿಗೆ ಮಾಲೆ ಹಾಕಿಸಿಕೊಂಡವರು ಕಾಣುತ್ತಾರೆ, ನರ್ತಕಿಯ ಪಾದ ಕಾಣುವುದಿಲ್ಲ.

ರಂಗದ ಅಕ್ಕಪಕ್ಕದ ಜಾಗ, ನಾಟಕದವರು ‘ವಿಂಗ್’ ಎನ್ನುವುದು, ಪ್ರತಿ ಬದಿಗೆ ರಂಗದ ಬಾಯಿಯ, ಅಂದರೆ ಪ್ರೇಕ್ಷಕರತ್ತ ತೆರೆದ ಅಗಲದ, ಕನಿಷ್ಠ ಅರ್ಧದಷ್ಟಾದರೂ ಇರಬೇಕು. 10 ಮೀಟರ್ ಬಾಯಿಗೆ ಅತ್ತ ಐದು, ಇತ್ತ ಐದು. ಸಿಗುವುದು ಒಂದು ಮೀಟರ್; ಅದರ ಪಕ್ಕಕ್ಕೇ ಶೌಚಾಲಯದ ಗೋಡೆ, ಫ್ಲಶ್ ಸದ್ದು ಉಚಿತ. ಹಿಂಬದಿಯಲ್ಲಿ ಪ್ರೇಕ್ಷಕರಿಗೆ ಕಾಣದೆ ಒಂದು ಬದಿಯಿಂದ ಇನ್ನೊಂದಕ್ಕೆ ದಾಟುವ ಓಣಿ ಇರುವುದಿಲ್ಲ; ರಾಜನ ಪಾತ್ರಧಾರಿ ಹೊರಗೆ ಮಳೆಯಲ್ಲಿ ಕಟ್ಟಡ ಸುತ್ತಿ ಬರಬೇಕು. ರಂಗಪರಿಕರ ಲಾರಿಯಲ್ಲಿ ಬರುತ್ತದೆ, ಆದರೆ ಬಾಗಿಲು ಮನೆಯ ಬಾಗಿಲಿನ ಗಾತ್ರದ್ದು. ಧ್ವನಿ, ಬೆಳಕು ನಿಯಂತ್ರಿಸುವವರನ್ನು ಗಾಜಿನ ಕೋಣೆಯಲ್ಲಿ ಮುಚ್ಚಿಡುತ್ತಾರೆ. ಪ್ರೇಕ್ಷಕರಿಗೆ ಏನು ಕೇಳುತ್ತಿದೆ ಎಂಬುದು ಅವರಿಗೆ ಕೊನೆಯವರೆಗೂ ತಿಳಿಯುವುದಿಲ್ಲ.

ಯಕ್ಷಗಾನದ ಪ್ರಶ್ನೆಯೇ ಬೇರೆ. ರಂಗಸ್ಥಳಕ್ಕೆ ಮೂರು ಬದಿಯಿಂದ ನೋಟ. ಚೆಂಡೆ ಹುಟ್ಟಿದ್ದು ಬಯಲಿಗಾಗಿ, ಅಲ್ಲಿ ಅದರ ಪೆಟ್ಟನ್ನು ಹಿಂದಕ್ಕೆ ಕಳಿಸುವ ಗೋಡೆಯಿಲ್ಲ. ಅದನ್ನು ಮೂರು ಸೆಕೆಂಡು ಮೊಳಗುವ ಪೆಟ್ಟಿಗೆಯೊಳಗೆ ತಂದು, ಭಾಗವತರ ಪದ ಕೇಳಲಿಲ್ಲವೆಂದು ಮೈಕ್ ಏರಿಸುವುದು ಎರಡು ಬಾರಿ ಕೆಡಿಸುವ ಕೆಲಸ. ರಂಗಮಂದಿರದ ಜೊತೆಗೆ ಮೆಟ್ಟಿಲು ಕಟ್ಟೆಗಳ ಒಂದು ಬಯಲು ರಂಗ ಇದ್ದರೆ ಯಕ್ಷಗಾನಕ್ಕೂ ವಾರ್ಷಿಕೋತ್ಸವಕ್ಕೂ ಒದಗುತ್ತದೆ, ವೆಚ್ಚವೂ ಕಡಿಮೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆಯಿತು. ಒಂದು ದಶಕದೊಳಗೆ, 1972ರಲ್ಲಿ, ಬಿ.ವಿ. ಕಾರಂತರು ತಮ್ಮ ನಾಟಕಗಳನ್ನು ಆಡಿಸಿದ್ದು ಅದರ ಹಿಂದಿನ ಬಯಲಿನಲ್ಲಿ. ಕನ್ನಡ ರಂಗಭೂಮಿಯ ದಿಕ್ಕು ಬದಲಿಸಿದ ಪ್ರಯೋಗಗಳಿಗೆ ಸಿಕ್ಕ ಜಾಗ ಅದು. ಇಂದು ಅಲ್ಲಿ ಸಂಸ ಬಯಲು ರಂಗಮಂದಿರವಿದೆ.

ಒಳಾಂಗಣಕ್ಕೆ ನಾನು ತೋರಿಸುವ ಉದಾಹರಣೆ ಜೆ.ಪಿ. ನಗರದ ರಂಗ ಶಂಕರ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿಸಿದ, 2004ರಲ್ಲಿ ತೆರೆದ ಈ ರಂಗಮಂದಿರದಲ್ಲಿ ಆಸನಗಳು ಮುನ್ನೂರರ ಆಸುಪಾಸು ಮಾತ್ರ. ರಂಗ ಪ್ರೇಕ್ಷಕರ ನಡುವೆ ಮುಂದಕ್ಕೆ ಚಾಚಿದೆ, ಆಸನಗಳು ಕಡಿದಾಗಿ ಏರುತ್ತವೆ, ಕೊನೆಯ ಸಾಲಿಗೂ ಕಣ್ಣು ಕಾಣುತ್ತದೆ. ಅದು ನಾಟಕಕ್ಕೆಂದೇ ಕಟ್ಟಿದ ಜಾಗ. ‘ಎಲ್ಲವೂ’ ಅಲ್ಲಿ ನಡೆಯುವುದಿಲ್ಲ. ಹೊರ ಆಕಾರಕ್ಕೆ ಹೆಸರಾದದ್ದು ಪಿಟೀಲಿನ ರೂಪದ ಚೌಡಯ್ಯ ಸ್ಮಾರಕ ಭವನ. ಪಿಟೀಲು ವಿದ್ವಾಂಸರಿಗೆ ಸಲ್ಲಿಸಿದ ಗೌರವವಾಗಿ ಅದು ಚೆಂದ. ಆದರೆ ಅದನ್ನು ನೋಡಿ ವೀಣೆ, ತಬಲಾದ ಆಕಾರ ಕೇಳಿ ಬರುವವರಿಗೆ ಹೇಳಬೇಕಾಗುತ್ತದೆ: ಪಿಟೀಲಿನ ಒಡಲು ನುಡಿಯುವುದು ಅದರ ತೆಳು ಮರ ಕಂಪಿಸುವುದರಿಂದ, ಕಾಂಕ್ರೀಟ್ ಗೋಡೆ ಹಾಗೆ ಕಂಪಿಸುವುದಿಲ್ಲ. ಒಳಗಿನ ನಾದಕ್ಕೂ ಹೊರಗಿನ ಆಕಾರಕ್ಕೂ ನಂಟಿಲ್ಲ.

ತಾಲ್ಲೂಕು ಕೇಂದ್ರಕ್ಕೆ 250ರಿಂದ 300 ಆಸನಗಳ ಒಂದು ಒಳಾಂಗಣ, ಪಕ್ಕದಲ್ಲಿ ಸಾವಿರ ಜನ ಕೂರುವ ಬಯಲು ರಂಗ. ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡದು ಬೇಡ. ಇದನ್ನು ಸಮಿತಿಗಳ ಮುಂದೆ ಒಪ್ಪಿಸುವುದು ಸುಲಭವಲ್ಲ. ಅಲ್ಲಿ ಪರದೆಯ ಮೇಲೆ ಮೂಡುವುದು ಬಣ್ಣದ ತ್ರಿವಿಮ ಚಿತ್ರ: ನೀಲಿ ಆಕಾಶ, ಹಸಿರು ಹುಲ್ಲು, ಕಾರಂಜಿ. ಸಮಿತಿಯ ಸದಸ್ಯರು ಕೇಳಬೇಕಾದದ್ದು ಕಟ್ಟಡವನ್ನು ಉದ್ದಕ್ಕೆ ಸೀಳಿ ತೋರಿಸುವ ಸೆಕ್ಷನ್ ನಕ್ಷೆಯನ್ನು. ಸೂರಿನ ಎತ್ತರ, ಕೊನೆಯ ಸಾಲಿನ ದೂರ, ಆಸನಗಳ ಏರು, ರಂಗದ ಹಿಂದಿನ ಜಾಗ ಎಲ್ಲವೂ ಆ ಒಂದೇ ಹಾಳೆಯಲ್ಲಿ ಕಾಣುತ್ತದೆ. ಆಸನಗಳ ಏರನ್ನು ವಿಶೇಷವಾಗಿ ನೋಡಬೇಕು. ಪ್ರತಿ ಸಾಲಿನ ನೋಟದ ಗೆರೆ ಮುಂದಿನವರ ಕಣ್ಣಿನ ಮಟ್ಟಕ್ಕಿಂತ 12 ಸೆಂಟಿಮೀಟರಿನಷ್ಟು ಮೇಲೆ ಹಾದುಹೋಗಬೇಕಾದರೆ ಏರು ಹಿಂದೆ ಹೋದಂತೆ ಕಡಿದಾಗುತ್ತ ಹೋಗಬೇಕು. ನಕ್ಷೆಯಲ್ಲಿ ಅದು ನೇರ ಇಳಿಜಾರಾಗಿದ್ದರೆ ಲೆಕ್ಕ ಹಾಕಿಲ್ಲ ಎಂದೇ ಅರ್ಥ.

ಆಗಲೇ ಕಟ್ಟಿ ನಿಂತಿರುವ ದೊಡ್ಡ ಸಭಾಂಗಣಗಳನ್ನು ಏನು ಮಾಡುವುದು? ಮೊದಲು ಹಿಂಬದಿಯ ಗೋಡೆಗೆ ಕೈ ಹಾಕಬೇಕು. ರಂಗದಿಂದ 30 ಮೀಟರ್ ದೂರದ ಆ ಗೋಡೆಗೆ ಬಡಿದ ಮಾತು ಮುಂದಿನ ಸಾಲಿಗೆ ಮರಳುವ ಹೊತ್ತಿಗೆ ಸೆಕೆಂಡಿನ ಸುಮಾರು ಆರನೆಯ ಒಂದು ಭಾಗ ಕಳೆದಿರುತ್ತದೆ. ಕಿವಿ ಅದನ್ನು ಇನ್ನೊಂದು ಮಾತೆಂದೇ ಕೇಳಿಸಿಕೊಳ್ಳುತ್ತದೆ. ಚೌಕಟ್ಟು ಕಟ್ಟಿ, ಗಾಜುನಾರು (ಗ್ಲಾಸ್ ವೂಲ್) ಅಥವಾ ಕಲ್ಲುಣ್ಣೆಯ (ರಾಕ್ ವೂಲ್) ಹಲಗೆ ತುಂಬಿ, ಮೇಲೆ ರಂಧ್ರಗಳಿರುವ ಫಲಕ ಅಥವಾ ಬಟ್ಟೆ ಹೊದಿಸಿದರೆ ಆ ಪ್ರತಿಧ್ವನಿ ಅಡಗುತ್ತದೆ. ಬಣ್ಣ ಬಳಿಯುವ ಗುತ್ತಿಗೆದಾರರು ಆ ಬಟ್ಟೆಗೂ ಎಮಲ್ಷನ್ ಹೊಡೆಯದಂತೆ ನೋಡಿಕೊಳ್ಳಬೇಕು. ನಾಲ್ಕೈದು ವರ್ಷಕ್ಕೊಮ್ಮೆ ಅದು ನಡೆದೇ ನಡೆಯುತ್ತದೆ. ಆಮೇಲೆ ಪಕ್ಕದ ಗೋಡೆಗಳ ಹಿಂದಿನ ಅರ್ಧ. ರಂಗದ ಹತ್ತಿರದ ಗೋಡೆ ಮತ್ತು ಸೂರಿನ ಮುಂಭಾಗಕ್ಕೆ ಏನನ್ನೂ ಹೊದಿಸಬಾರದು, ಏಕೆಂದರೆ ಮಾತನ್ನು ಬೇಗನೆ ಹಿಂದಕ್ಕೆ ತಲುಪಿಸುವ ಒಳ್ಳೆಯ ಪ್ರತಿಫಲನ ಬರುವುದು ಅಲ್ಲಿಂದ. ಎಲ್ಲೆಡೆ ಮೆತ್ತಿದರೆ ಕೋಣೆ ಸತ್ತಂತಾಗುತ್ತದೆ, ನಟ ಗಂಟಲು ಹರಿದುಕೊಳ್ಳುತ್ತಾನೆ.

ಫ್ಯಾನುಗಳದ್ದು ಕೊನೆಯ ತೊಡಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನಾಟಕಕ್ಕಾಗಿ ಫ್ಯಾನ್ ನಿಲ್ಲಿಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಗೋಡೆಗೆ ಸಿಕ್ಕಿಸಿದ, ಪೂರ್ತಿ ವೇಗದಲ್ಲಿ ಓಡುವ ಹತ್ತಾರು ಸಣ್ಣ ಫ್ಯಾನುಗಳ ಬದಲು ಸೂರಿನಿಂದ ಇಳಿಬಿಟ್ಟ, ಐದಾರು ಮೀಟರ್ ವ್ಯಾಸದ, ನಿಧಾನವಾಗಿ ತಿರುಗುವ ಎರಡೋ ಮೂರೋ ಫ್ಯಾನ್ ಹಾಕಿದರೆ ಗಾಳಿಗೆ ಕೊರತೆಯಾಗದೆ ಸದ್ದು ಬಹಳ ಇಳಿಯುತ್ತದೆ. ಅವುಗಳ ಅಲಗು ಬೆಳಕಿನ ಕಿರಣಕ್ಕೆ ಅಡ್ಡ ಬಂದು ರಂಗದ ಮೇಲೆ ನೆರಳು ಮಿಣುಕದಂತೆ ಜಾಗ ಗೊತ್ತುಮಾಡುವಾಗ ಮಾತ್ರ ದೀಪದ ವಿನ್ಯಾಸಕರನ್ನು ಪಕ್ಕದಲ್ಲಿಯೇ ಇಟ್ಟುಕೊಳ್ಳಬೇಕು.