ಸೈತಾನನ ಸ್ವರ ಮತ್ತು ನಮ್ಮ ಕಲ್ಯಾಣಿ

ಹೆವಿ ಮೆಟಲ್ ಎಂಬ ಅಬ್ಬರದ ಗಿಟಾರ್ ಸಂಗೀತ ಕೇಳಿದರೆ ಗಾಳಿ ಹಿಡಿಯುತ್ತದೆ, ಅಂಥ ಹಾಡು ಹಚ್ಚಿದ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ, ಕತ್ತಲ ಸಂಗೀತ ಆತ್ಮವನ್ನೇ ಮೈಲಿಗೆ ಮಾಡುತ್ತದೆ ಎಂಬ ಮಾತುಗಳು ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತಿರುತ್ತವೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇದನ್ನು ನಂಬಿ ಮಗನ ಇಯರ್‌ಫೋನ್ ಕಸಿದಿಟ್ಟು ತಾಯತ ಕಟ್ಟಿಸುವವರಿಗೆ ಒಂದು ವಿಷಯ ಹೇಳಬೇಕಾಗಿದೆ. ಈ ಸಂಗೀತ ಮೈಯಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಅಳತೆಗೆ ಸಿಗುವ ಕಾರಣಗಳಿವೆ. ಆ ಕಾರಣಗಳೆಲ್ಲ ನಮ್ಮ ಜಾತ್ರೆ, ಬಯಲಾಟ, ಅಲಾಯಿ (ಮೊಹರಂ) ಹಬ್ಬದಲ್ಲೂ ಇವೆ.

ಮೊದಲು ಟ್ರೈಟೋನ್ ವಿಚಾರ. ಷಡ್ಜದಿಂದ ಆರು ಅರೆಸ್ವರ ಮೇಲಿರುವ ಸ್ವರ ಇದು. ಯುರೋಪಿನಲ್ಲಿ ಇದಕ್ಕೆ ‘ಸಂಗೀತದೊಳಗಿನ ಸೈತಾನ’ ಎಂಬ ಅಡ್ಡಹೆಸರಿತ್ತು. ಮಧ್ಯಯುಗದ ಚರ್ಚು ಇದನ್ನು ನಿಷೇಧಿಸಿತ್ತು, ಹಾಡಿದವರನ್ನು ಶಿಕ್ಷಿಸುತ್ತಿತ್ತು ಎಂಬ ಕಥೆ ಬಹಳ ಓಡಾಡುತ್ತದೆ, ಆದರೆ ಅದಕ್ಕೆ ದಾಖಲೆಯಿಲ್ಲ. ಆ ಹೆಸರು ಬರಹದಲ್ಲಿ ಸಿಗುವುದೇ 18ನೇ ಶತಮಾನದ ಆರಂಭದ ಸಂಗೀತ ಪಾಠಗಳಲ್ಲಿ. ಹಾಡುವಾಗ ಶ್ರುತಿ ತಪ್ಪಿಸುವ ಕಷ್ಟದ ಜಿಗಿತ ಎಂದು ಗುರುಗಳು ಶಿಷ್ಯರನ್ನು ಎಚ್ಚರಿಸುತ್ತಿದ್ದರು, ಅಷ್ಟೇ. ಇದೇ ಸ್ವರ ನಮ್ಮ ಪ್ರತಿಮಧ್ಯಮ, ಹಿಂದೂಸ್ತಾನಿಯಲ್ಲಿ ತೀವ್ರ ಮಧ್ಯಮ. ಕಲ್ಯಾಣಿ ರಾಗದ ಜೀವ, ಯಮನ್‌ನ ಜೀವ ಅದೇ. ಮುಸ್ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಹಾಡುವ ರಾಗದ ನಡುವೆ ಸೈತಾನ ಕೂತಿದ್ದರೆ, ರಾಯಚೂರು ಸೀಮೆಯ ಸಿದ್ದರಾಮ ಜಂಬಲದಿನ್ನಿಯವರಂಥ ಗವಾಯಿಗಳ ಪರಂಪರೆಯೆಲ್ಲ ಯಾವತ್ತೋ ಅವನ ಪಾಲಾಗಬೇಕಿತ್ತು!

ಹಾಗಾದರೆ ಅದೇ ಸ್ವರ ಗಿಟಾರಿನಲ್ಲಿ ಬಂದಾಗ ಎದೆಯೇಕೆ ಝಲ್ಲೆನ್ನುತ್ತದೆ? ಉತ್ತರ ಇರುವುದು ಒರಟುತನದಲ್ಲಿ. ಎರಡು ಸ್ವರಗಳ ಕಂಪನಾಂಕ (ಸೆಕೆಂಡಿಗೆ ಎಷ್ಟು ಸಲ ಕಂಪನ ಎಂಬ ಲೆಕ್ಕ, ಅದರ ಅಳತೆ ಹರ್ಟ್ಜ್) ಹತ್ತಿರ ಹತ್ತಿರ ಇದ್ದರೆ ಅವುಗಳ ವ್ಯತ್ಯಾಸದಷ್ಟು ವೇಗದಲ್ಲಿ ಸದ್ದು ಏರಿಳಿಯುತ್ತದೆ. ಸೆಕೆಂಡಿಗೆ ನಾಲ್ಕೈದು ಏರಿಳಿತವಾದರೆ ಕಿವಿ ಅವನ್ನು ಒಂದೊಂದಾಗಿ ಎಣಿಸುತ್ತದೆ. ಮೂವತ್ತು ದಾಟಿದರೆ ಎಣಿಕೆ ಕೈಬಿಟ್ಟು ಗರಗರ ಎಂಬ ಒಂದೇ ಅನುಭವ ಕೊಡುತ್ತದೆ. ದೂರ ದೂರದ ಹಂಪುಗಳ ಮೇಲೆ ಬೈಕು ಒಂದೊಂದೇ ಸಲ ಎಗರುತ್ತದೆ, ಒತ್ತೊತ್ತಾದ ಪಟ್ಟಿಗಳ ಮೇಲೆ ಹ್ಯಾಂಡಲ್ ಸಮೇತ ನಡುಗುತ್ತದಲ್ಲ, ಹಾಗೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಮನುಷ್ಯರ ಚೀತ್ಕಾರವನ್ನು ಹೀಗೆ ಅಳೆಯಿತು. ಚೀರಾಟದಲ್ಲಿ 30ರಿಂದ 150 ಹರ್ಟ್ಜ್ ವೇಗದ ಏರಿಳಿತ ಬಲವಾಗಿ ಎದ್ದು ಕಾಣುತ್ತಿತ್ತು. ಸಾಮಾನ್ಯ ಮಾತಿನಲ್ಲಿ ಆ ವಲಯ ಬಹುತೇಕ ಖಾಲಿ. ಭಯಕ್ಕೆ ಸಂಬಂಧಿಸಿದ ಅಮಿಗ್ಡಾಲ ಎಂಬ ಮೆದುಳಿನ ಭಾಗ ಒರಟುತನ ಹೆಚ್ಚಾದಷ್ಟೂ ಹೆಚ್ಚು ಚುರುಕಾಗುತ್ತಿತ್ತು. ಎಚ್ಚರಿಕೆ ಗಂಟೆಗಳ ಸದ್ದಿನಲ್ಲೂ ಇದೇ ಗುಣವಿದೆ.

ಈಗ ಗಿಟಾರಿಗೆ ಬರೋಣ. ಅದರ ಅತಿ ದಪ್ಪ ತಂತಿ 82.4 ಹರ್ಟ್ಜ್‌ನಲ್ಲಿ ಕಂಪಿಸುತ್ತದೆ. ಅದರ ಪಂಚಮ ಸುಮಾರು 123.5. ತಂತಿ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು ಪಟ್ಟು ಕಂಪನಾಂಕದ ಅನುಸ್ವರಗಳನ್ನೂ ಹೊರಡಿಸುತ್ತದೆ. ಮೊದಲನೆಯದರ ಮೂರು ಪಟ್ಟು 247.2, ಎರಡನೆಯದರ ಎರಡು ಪಟ್ಟು 247. ಎರಡೂ ಕೂಡಿಕೊಂಡವು, ಘರ್ಷಣೆಯಿಲ್ಲ. ಟ್ರೈಟೋನ್ ತೆಗೆದುಕೊಳ್ಳಿ: 116.5. ಅದರ ಎರಡು ಪಟ್ಟು 233, ಅಂದರೆ 247ಕ್ಕೆ 14ರ ಅಂತರ. ಮೇಲಿನ ಅನುಸ್ವರಗಳಲ್ಲಿ ಆ ಅಂತರ 28 ಆಗುತ್ತದೆ, ಮತ್ತೆ 42 ಆಗುತ್ತದೆ. ನೇರ ಒರಟುತನದ ವಲಯಕ್ಕೆ ಬಂತು. ಸ್ವಚ್ಛವಾಗಿ ನುಡಿಸಿದರೆ ಈ ಮೇಲಿನ ಅನುಸ್ವರಗಳು ಕ್ಷೀಣ. ಡಿಸ್ಟಾರ್ಷನ್ ಹಾಕಿದಾಗ ಆಂಪ್ಲಿಫೈಯರ್ ಅಲೆಯ ತುದಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ, ಹಾಗೆ ಕತ್ತರಿಸಿದ ಅಲೆಯಲ್ಲಿ ಮೇಲಿನ ಅನುಸ್ವರಗಳು ಬಲವಾಗಿ ಎದ್ದು ನಿಲ್ಲುತ್ತವೆ. ಕಲ್ಯಾಣಿ ಹಾಡುವ ಕಂಠದಲ್ಲಿ ಆ ಕತ್ತರಿಯಿಲ್ಲ, ಜೊತೆಗೆ ಮಧ್ಯಮ ಕೂಡಲೇ ಪಂಚಮಕ್ಕೆ ಏರಿ ನೆಮ್ಮದಿ ಕಾಣುತ್ತದೆ. ಅದಕ್ಕೇ ಅದು ಮಂಗಳ, ಇದು ಭಯಾನಕ.

ಇನ್ನೊಂದು ಸೊಗಸು ನೋಡಿ. ಷಡ್ಜ ಪಂಚಮ ಎರಡನ್ನೇ ಒಟ್ಟಿಗೆ ಮೀಟುವುದು ಮೆಟಲ್‌ನ ಬುನಾದಿ. ಅದಕ್ಕೆ ಪವರ್ ಕಾರ್ಡ್ ಎನ್ನುತ್ತಾರೆ. ಅಲೆ ಕತ್ತರಿಸುವಾಗ ಎರಡರ ವ್ಯತ್ಯಾಸವೂ ಹೊಸ ಸ್ವರವಾಗಿ ಹುಟ್ಟುತ್ತದೆ: 123.5ರಲ್ಲಿ 82.4 ಕಳೆದರೆ 41ರ ಆಸುಪಾಸು, ಮೂಲ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗೆ. ಗಿಟಾರಿನಲ್ಲಿ ಅಷ್ಟು ಕೆಳಗಿನ ತಂತಿಯೇ ಇಲ್ಲ. ಗಿಟಾರಿನ ಸ್ಪೀಕರ್ ಅದನ್ನು ಚೆನ್ನಾಗಿ ಹೊರಡಿಸಲಾರದು. ಆದರೂ 82, 123, 206 ಎಲ್ಲವೂ 41ರ ಮಗ್ಗಿಯಲ್ಲೇ ಇರುವುದರಿಂದ ಮೆದುಳು ಬುಡದ 41ನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಬಾಸ್ ಗಿಟಾರಿನ ದಪ್ಪ ತಂತಿ ನುಡಿಯುವುದೂ 41.2ರಲ್ಲೇ. ನೆಲದಡಿಯಿಂದ ಏನೋ ಗುಡುಗಿದ ಹಾಗೆ ಕೇಳುವುದು ಈ ಕಾರಣಕ್ಕೆ. ಗಾಂಧಾರ ಸೇರಿಸಿದರೆ ಮಗ್ಗಿ ತಪ್ಪಿ ಸದ್ದು ರಾಡಿಯಾಗುತ್ತದೆ, ಹಾಗಾಗಿ ನುಡಿಸುವವರು ಅದನ್ನು ಬಿಟ್ಟುಬಿಡುತ್ತಾರೆ.

ಈ ಭಾರದ ಸದ್ದು ಹುಟ್ಟಿದ್ದರ ಹಿಂದೆ ಒಂದು ಕಾರ್ಖಾನೆ ಅಪಘಾತವಿದೆ. ಬ್ಲ್ಯಾಕ್ ಸಬ್ಬತ್ ಎಂಬ ಮೆಟಲ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಎಡಗೈಯಲ್ಲಿ ಮೀಟುವವರಾದ್ದರಿಂದ ತಂತಿ ಒತ್ತುವ ಬೆರಳುಗಳೇ ಹೋದವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತಂತಿ ಸಡಿಲಿಸಿದರು. 1971ರ ಹೊತ್ತಿಗೆ ಮೂರು ಅರೆಸ್ವರ ಇಳಿಸಿ 82.4ರಿಂದ 69.3ಕ್ಕೆ ತಂದರು. ಕಂಪನಾಂಕ ಬಿಗಿತದ ವರ್ಗಮೂಲಕ್ಕೆ ಹೊಂದಿ ನಡೆಯುವುದರಿಂದ ಅಷ್ಟಕ್ಕೇ ತಂತಿಯ ಬಿಗಿ ಶೇ. 29ರಷ್ಟು ಇಳಿಯುತ್ತದೆ. ನೋಯುವ ಬೆರಳಿಗೆ ಅದು ದೊಡ್ಡ ಆಸರೆ.

ಮೈಮೇಲೆ ಬರುವ ಮಾತು ಇನ್ನೂ ಉಳಿದಿದೆ. ಹಲಗೆ ಎಂಬ ಚರ್ಮವಾದ್ಯವನ್ನು ಬಾರಿಸುವ ಮೊದಲು ಹುಲ್ಲಿನ ಉರಿಗೆ ಹಿಡಿದು ಕಾಯಿಸುತ್ತಾರೆ. ಚರ್ಮದ ತೇವ ಆರಿ ಬಿಗಿ ಏರುತ್ತದೆ, ದನಿ ಹರಿತವಾಗುತ್ತದೆ. ತಂಪು ಹವೆಯಲ್ಲಿ ಮೆರವಣಿಗೆಯ ನಡುವೆ ಮತ್ತೆ ಕಾಯಿಸಬೇಕು, ಅತಿ ಮಾಡಿದರೆ ಚರ್ಮ ಬಿರಿಯುತ್ತದೆ. ಆ ಹಲಗೆಯ ಏಟು, ಡೊಳ್ಳಿನ ಗುಡುಗು, ಮೆಟಲ್‌ನ ಡ್ರಮ್ಮು ಮೂರೂ ಸುಮಾರು 90 ಡೆಸಿಬೆಲ್ ಮೀರಿದಾಗ ಒಳಗಿವಿಯ ಸ್ಯಾಕ್ಯೂಲನ್ನೂ ತಟ್ಟುತ್ತವೆ. ಅದು ದೇಹದ ಸಮತೋಲ ನೋಡುವ ಅಂಗ. 2000ದಲ್ಲಿ ಸಂಶೋಧಕ ನೀಲ್ ಟಾಡ್ ಮತ್ತು ಸಂಗಡಿಗರು ಸೂಚಿಸಿದ್ದು ಇದನ್ನೇ: ಜೋರಾದ ಕೆಳಸ್ಥಾಯಿಯ ಸದ್ದಿಗೆ, ಕೂತಲ್ಲೇ ಕೂತಿದ್ದರೂ, ತೂಗಿದಂಥ ಅನುಭವವಾಗಬಹುದು. ಯಾರೋ ಹಿಡಿದು ಆಡಿಸುತ್ತಿದ್ದಾರೆ ಎನ್ನಿಸುವುದರಲ್ಲಿ ಇದರ ಪಾಲಿರಬಹುದು.

ಆದರೆ ಸದ್ದೊಂದೇ ಸಾಲದು. ಹುಲಿಗೆಮ್ಮನ ಗುಡಿಯಿರುವ ಹುಲಿಗಿಯಲ್ಲಿ ಚೌಡಿಕೆ ವಾದ್ಯದ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ, ಅಮ್ಮ ಬರುವುದು ಕೆಲವರ ಮೈಮೇಲೆ. ಮುದಗಲ್ಲಿನ ಮೊಹರಂನಲ್ಲಿ ಹಲಗೆ ಬಾರಿಸುವವನು ದಣಿಯುತ್ತಾನೆ, ದೇವರು ಬರುವುದು ಬೇರೆಯವರಿಗೆ. ಫ್ರೆಂಚ್ ವಿದ್ವಾಂಸ ಗಿಲ್ಬೆರ್ ರೂಜೆ 1980ರಲ್ಲೇ ಇದನ್ನು ವಾದಿಸಿದ್ದರು: ನಗಾರಿಗೇ ಆ ಶಕ್ತಿ ಇದ್ದಿದ್ದರೆ ಆಫ್ರಿಕಾದ ಅರ್ಧದಷ್ಟು ಜನ ವರ್ಷವಿಡೀ ಆವೇಶದಲ್ಲೇ ಇರಬೇಕಿತ್ತು. ಯಾವ ದಿನ, ಯಾರ ಮುಂದೆ, ಏನು ನಡೆಯಬೇಕು ಎಂಬುದನ್ನು ಸಮುದಾಯ ಕಲಿಸಿರುತ್ತದೆ, ಸದ್ದು ಅದಕ್ಕೆ ಹಾದಿ ಮಾಡಿಕೊಡುತ್ತದೆ. ಕರ್ಬಲಾದ ಸಾವನ್ನು ಹಾಡುವ ರಿವಾಯತ್ ಪದಗಳಿಗಿಂತ ಕತ್ತಲ ಸಂಗೀತ ಬೇಕೆ? ಹಿಂದೂ ಮುಸ್ಲಿಮರು ಜೊತೆಗೂಡಿ ಅವನ್ನು ಕನ್ನಡದಲ್ಲಿ ಹಾಡಿ ಕಣ್ಣೀರು ಹಾಕುತ್ತಾರೆ, ಹಗುರಾಗಿ ಮನೆಗೆ ಹೋಗುತ್ತಾರೆ. ಬಳ್ಳಾರಿ ಸೀಮೆಯ ಬಯಲಾಟದಲ್ಲಿ ರಾಕ್ಷಸ ಗಂಟಲು ಬಿಗಿದು ಆರ್ಭಟಿಸುತ್ತಾನೆ. ಮುಂದೆ ಕೂತ ಮಕ್ಕಳು ಬೆಚ್ಚಿ, ಮರುಕ್ಷಣ ನಗುತ್ತಾರೆ.

ಸದ್ದಿನ ಇಂಥ ಹುಡುಕಾಟ ಇಲ್ಲಿ ಬಹಳ ಹಳೆಯದು. ಬಳ್ಳಾರಿ ಪಕ್ಕದ ಕುಪ್ಪಗಲ್ಲು ಗುಡ್ಡದಲ್ಲಿ ಗ್ರಾನೈಟ್ ಬೆಟ್ಟವನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಶಿಲೆಯ ಪಟ್ಟಿ ಹಾದಿದೆ. ಅದರ ಕೆಲವು ಬಂಡೆಗಳನ್ನು ಗ್ರಾನೈಟ್ ಚೂರಿನಿಂದ ತಟ್ಟಿದರೆ ಜಾಗಟೆಯಂಥ ನಾದ ಬರುತ್ತದೆ. ತಟ್ಟಿ ತಟ್ಟಿ ಸವೆದ ಗುಳಿಗಳೂ, ಸುತ್ತ ನವಶಿಲಾಯುಗದ ಎತ್ತುಗಳ ಕೆತ್ತನೆಗಳೂ ಇವೆ. ಪುರಾತತ್ವ ವಿದ್ವಾಂಸೆ ನಿಕೋಲ್ ಬೋವಿನ್ 2004ರಲ್ಲಿ ಇವುಗಳ ಬಗ್ಗೆ ಬರೆದಾಗ, ಕಲ್ಲುಗಣಿಯಿಂದ ಈ ತಾಣಕ್ಕಿರುವ ಅಪಾಯವನ್ನೂ ಎತ್ತಿ ಹೇಳಿದ್ದರು. ಬಂಡೆ ನುಡಿಯಬೇಕಾದರೆ ಕಲ್ಲು ಬಿರುಕಿಲ್ಲದೆ ಗಟ್ಟಿಯಿರಬೇಕು, ಒಂದೆರಡು ಕಡೆ ಮಾತ್ರ ಊರಿಕೊಂಡಿರಬೇಕು. ಬುಡಕ್ಕೆ ಮಣ್ಣು ಸೇರಿದರೆ ನಾದ ಸಾಯುತ್ತದೆ. ನೋಡಲು ಹೋದವರು ದಯವಿಟ್ಟು ಬಡಿದು ಪರೀಕ್ಷಿಸಬೇಡಿ.

ಕೇಳುಗರ ಮನಸ್ಸಿನ ಮೇಲೆ ಪ್ರಯೋಗಗಳೂ ಆಗಿವೆ. 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಇಂಥ ಸಂಗೀತವನ್ನೇ ಕೇಳುವ 39 ಯುವಜನರಿಗೆ ಸಿಟ್ಟು ಬಂದ ಪ್ರಸಂಗಗಳನ್ನು ನೆನಪಿಸಿ ಕೆರಳಿಸಿದರು. ಆಮೇಲೆ ಕೆಲವರು 10 ನಿಮಿಷ ತಮ್ಮಿಷ್ಟದ ಹಾಡು ಕೇಳಿದರು, ಉಳಿದವರು ಸುಮ್ಮನೆ ಕೂತರು. ಹಾಡು ಕೇಳಿದವರ ಸಿಟ್ಟು ಏರಲಿಲ್ಲ. ಕಿರಿಕಿರಿ, ಒತ್ತಡ ಸುಮ್ಮನೆ ಕೂತವರಷ್ಟೇ ಇಳಿದವು, ಹುರುಪು ಹೆಚ್ಚಿತ್ತು. ಇಷ್ಟವಿಲ್ಲದವರಿಗೆ ಅದೇ ಸಂಗೀತ ಕಿರಿಕಿರಿ, ಭಯ ತರುವುದೂ ನಿಜ, ಅವರಿಗೆ ಬಲವಂತ ಬೇಡ. ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಖಿನ್ನತೆಯಲ್ಲಿರುವವರು ನೋವನ್ನೇ ಮೆಲುಕು ಹಾಕಲು ಅದೇ ಹಾಡನ್ನು ತಿರುತಿರುಗಿ ಕೇಳಿದರೆ ಮನಸ್ಸು ಇನ್ನಷ್ಟು ಕುಸಿಯಬಹುದು. ಮಗ ಊಟ, ನಿದ್ದೆ, ಗೆಳೆಯರನ್ನು ಬಿಟ್ಟು ಕೂತಿದ್ದರೆ ಹಾಡನ್ನು ದೂರಬೇಡಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಕಿವಿಗೆ ಆಗುವ ಹಾನಿ ಮಾತ್ರ ಪಕ್ಕಾ, ಅಲ್ಲಿ ಭಜನೆಗೂ ಮೆಟಲ್‌ಗೂ ಭೇದವಿಲ್ಲ. 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಗಣಪತಿ ಬಿಡುವ ದಿನ ಡಿ.ಜೆ. ಬಾಕ್ಸಿನ ಎದುರು ನಿಂತರೆ ಈ ಲೆಕ್ಕ ಒಂದು ಹಾಡಿಗೇ ಮುಗಿಯಬಹುದು. ಬಯಲಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಇಕ್ಕಟ್ಟಿನ ಓಣಿಯಲ್ಲಿ ಗೋಡೆಗಳು ಸದ್ದನ್ನು ಮರಳಿಸುವುದರಿಂದ ಅಷ್ಟು ಇಳಿಯುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹೊಸೆಯದೆ ತುರುಕಿದರೆ ಅಂಚಿನಲ್ಲಿ ಸಂದು ಉಳಿದು ಹಾಕಿಯೂ ಹಾಕದಂತಾಗುತ್ತದೆ. ಮರುದಿನವೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ, ಇಲ್ಲವೇ ಒಂದು ಕಿವಿ ಮಂದವಾಗಿದ್ದರೆ ಕಿವಿ ಮೂಗು ಗಂಟಲು ತಜ್ಞರನ್ನು ಆ ದಿನವೇ ಕಾಣಿ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.