ಬಿಲ್ ಐತಲ್ರೀ ಸಾರ್!

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ತೆರಿಗೆ ಸಲಹೆಗಾರನಾಗಿ ಕೂತು ಎಷ್ಟೋ ವರ್ಷವಾಯಿತು. ಜಿಎಸ್‌ಟಿ ರಿಟರ್ನು, ಮೆಕ್ಕೆಜೋಳದ ಲೆಕ್ಕ, ಅಡಿಕೆ ಲೆಕ್ಕ, ಇವೇ ನನ್ನ ಅನ್ನ. ಈಚೆಗೆ ಇದರ ನಡುವೆ ವಾಚು ಬಂದು ಸೇರಿಕೊಂಡಿದೆ. ನಿಶ್ಚಿತಾರ್ಥದಲ್ಲಿ ಅಳಿಯನಿಗೆ ಉಂಗುರ, ವಾಚು ಕೊಡೋದು ಮೊದಲಿಂದಲೂ ಇದೆ. ಆಗ ಟೈಟನ್ ಸಾಕಿತ್ತು, ಈಗ ದುಬೈಗೆ ಹೋಗಿ ಸ್ವಿಸ್ ವಾಚು ತರುತ್ತಾರೆ. ತರಲಿ, ನನ್ನ ತಕರಾರಿಲ್ಲ. ಆದರೆ ತಂದವರೆಲ್ಲ ನನ್ನ ಮೇಜಿನ ಮೇಲೆ ಒಂದು ಕಾಗದ ಇಟ್ಟು ಒಂದೇ ಮಾತು ಹೇಳುತ್ತಾರೆ: "ಬಿಲ್ ಐತಲ್ರೀ ಸಾರ್!"

ಈ ಮಾತು ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು. ಮಂಡಿಪೇಟೆಯಲ್ಲಿ ಬಿಲ್ ಇದ್ದರೆ ಒಂದನೇ ನಂಬರ್, ಇಲ್ಲದಿದ್ದರೆ ಎರಡನೇ ನಂಬರ್. ಬಿಲ್‌ನಲ್ಲೇ ಜಿಎಸ್‌ಟಿ ಸೇರಿರುತ್ತೆ. ಹಾಗಾಗಿ ಬಿಲ್ ಇದೆ ಅಂದರೆ ತೆರಿಗೆ ಕಟ್ಟಿದೆ ಅಂತಲೇ ನಮ್ಮವರ ಲೆಕ್ಕ. ದುಬೈ ಬಿಲ್‌ನಲ್ಲೂ ತೆರಿಗೆ ಇರುತ್ತೆ, ಶೇ 5ರ ವ್ಯಾಟ್. ಆದರೆ ಅದು ಆ ದೇಶದ್ದು. ಅದನ್ನೂ ಪ್ರವಾಸಿಗೆ ಬಹುಪಾಲು ವಾಪಸ್ ಕೊಡುತ್ತಾರೆ. ಯಾಕೆ ಕೊಡುತ್ತಾರೆ ಹೇಳಿ? ಮಾಲು ಅವರ ದೇಶ ಬಿಟ್ಟು ಹೋಗ್ತಾ ಇದೆ, ತೆರಿಗೆ ಹೋದ ಊರಲ್ಲಿ ಕಟ್ಟಿಕೊಳ್ಳಲಿ ಅಂತ. ಹೋದ ಊರು ಅಂದರೆ ನಮ್ಮದು.

ಇನ್ನೊಂದು ಸಲ ಹೇಳ್ತೀನಿ, ಬೇಜಾರಾಗಬೇಡಿ. ಅಲ್ಲಿಯ ಬಿಲ್, ನೀವು ಅಂಗಡಿಯವನಿಗೆ ದುಡ್ಡು ಕೊಟ್ಟಿದ್ದಕ್ಕೆ ಸಾಕ್ಷಿ. ಇಲ್ಲಿ ಎಷ್ಟು ಸುಂಕ ಕಟ್ಟಬೇಕು ಅಂತ ಲೆಕ್ಕ ಹಾಕೋಕೆ ಬರೋ ಕಾಗದ. ಕಟ್ಟಿದ್ದಕ್ಕೆ ಸಾಕ್ಷಿ ಬೇರೆಯೇ ಕಾಗದ. ಅದು ವಿಮಾನ ನಿಲ್ದಾಣದ ರೆಡ್ ಚಾನೆಲ್‌ನಲ್ಲಿ, ಅಂದರೆ ಸುಂಕದ ಮಾಲು ತಂದವರು ಹೋಗಬೇಕಾದ ದಾರಿಯಲ್ಲಿ, ನೀವಾಗೇ ಹೋಗಿ ಘೋಷಿಸಿ, ದುಡ್ಡು ಕಟ್ಟಿದರೆ ಸಿಗುವ ರಸೀದಿ.

2023ರಲ್ಲಿ ಒಬ್ಬ ಮೆಕ್ಕೆಜೋಳದ ವ್ಯಾಪಾರಿ, ನನ್ನ ಹಳೇ ಗಿರಾಕಿ, ದುಬೈಯಿಂದ ಎಂಟೂವರೆ ಲಕ್ಷದ ವಾಚು ತಂದರು. ಡಬ್ಬಿ ಅಲ್ಲೇ ಬಿಟ್ಟು ಕೈಗೆ ಕಟ್ಟಿಕೊಂಡು, ಸುಂಕದ ಮಾಲು ಏನೂ ಇಲ್ಲ ಅನ್ನೋರು ಹೋಗುವ ಗ್ರೀನ್ ಚಾನೆಲ್‌ನಲ್ಲಿ ನಡೆದರು. ಕಟ್ಟಿಕೊಂಡರೆ ಹಳೇದಾಗುತ್ತೆ, ಸುಂಕ ಬೀಳಲ್ಲ ಅಂತ ಯಾರೋ ಹೇಳಿದ್ದರಂತೆ. ಕೊಂಡಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಮಾತ್ರ ಕಿತ್ತಿರಲಿಲ್ಲ, ಗೀರು ಬೀಳುತ್ತೆ ಅಂತ. ಅಧಿಕಾರಿ ಕೇಳಿದಾಗ ಇವರು ಹೆದರಲಿಲ್ಲ. ಜಂಬದಿಂದ ಬಿಲ್ ತೆಗೆದು ಕೊಟ್ಟರು. ಅದಕ್ಕೆ ವ್ಯಾಟ್ ವಾಪಸ್ ಪಡೆದ ಚೀಟಿಯನ್ನೂ ಪಿನ್ ಮಾಡಿದ್ದರು! ಬಿಲ್‌ನ ತಾರೀಖು ಎರಡು ದಿನದ ಹಿಂದಿನದು.

ಆಗ ಇದ್ದದ್ದು 2016ರ ಬ್ಯಾಗೇಜ್ ನಿಯಮ. ಒಬ್ಬರಿಗೆ 50,000 ರೂಪಾಯಿವರೆಗೆ ವಿನಾಯಿತಿ. ಅದಕ್ಕಿಂತ ಜಾಸ್ತಿ ಇದ್ದದ್ದಕ್ಕೆ ಶೇ 35 ಸುಂಕ, ಆ ಸುಂಕದ ಮೇಲೆ ಶೇ 10 ಸರ್ಚಾರ್ಜ್, ಒಟ್ಟು ಶೇ 38.5. ಎಂಟು ಲಕ್ಷಕ್ಕೆ 3,08,000 ರೂಪಾಯಿ. "ನಾವು ನಾಲ್ಕು ಜನ ಹೋಗಿದ್ವಲ್ಲ, ನಾಲ್ಕೈವತ್ತು ಎರಡು ಲಕ್ಷ ಕಳೀರಿ" ಅಂದರಂತೆ. ಒಬ್ಬರ ವಿನಾಯಿತಿಯನ್ನು ಇನ್ನೊಬ್ಬರ ಜೊತೆ ಕೂಡಿಸೋಕೆ ಬರಲ್ಲ. ಮದುವೆ, ಅಳಿಯ, ಶಾಸ್ತ್ರ ಎಲ್ಲ ಹೇಳಿಕೊಂಡರಂತೆ. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡ ಹಾಗೆ ಅನ್ನೋ ಗಾದೆ ಸುಮ್ನೆ ಹುಟ್ಟಿಲ್ಲ ನೋಡಿ. ವಾಚು ಜಪ್ತಿ ಆಯಿತು.

ಇಲ್ಲಿ ಇನ್ನೊಂದು ವಿಷಯ. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಸೆಕ್ಷನ್ 123 ಅಂತ ಇದೆ. ಕಳ್ಳಸಾಗಣೆ ಮಾಲು ಅನ್ನೋ ಅನುಮಾನದಲ್ಲಿ ಜಪ್ತಿ ಮಾಡಿದರೆ, ಅಲ್ಲ ಅಂತ ಸಾಬೀತು ಮಾಡುವ ಹೊಣೆ ಇಟ್ಟುಕೊಂಡವರ ಮೇಲೆ. ಈ ಸೆಕ್ಷನ್ ಎಲ್ಲ ಮಾಲಿಗೂ ಅಲ್ಲ. ಅದರಲ್ಲಿ ಹೆಸರು ಹಿಡಿದು ಬರೆದಿರೋದು ಚಿನ್ನ ಮತ್ತು ವಾಚು. ತುಮಕೂರಿನಲ್ಲಿ ಎಚ್‌ಎಂಟಿ ಕಾರ್ಖಾನೆ ಇದ್ದ ಕಾಲದಲ್ಲೂ 'ಫಾರಿನ್ ವಾಚು' ಅಂದರೆ ಜನ ಬಾಯಿ ಬಿಡುತ್ತಿದ್ದದ್ದು ನಮ್ಮ ವಯಸ್ಸಿನವರಿಗೆ ನೆನಪಿರುತ್ತೆ. ಆ ಕಾಲ ಹೋಯಿತು, ಸೆಕ್ಷನ್ ಉಳಿದಿದೆ. ರಸೀದಿಯನ್ನು ಬ್ಯಾಂಕ್ ಲಾಕರ್‌ನಲ್ಲಿಡಿ ಅಂತ ನಾನು ಹೇಳೋದು ಇದಕ್ಕೇ.

ಈಚೆಗೆ ಹೊಸ ರಾಗ: "ಸ್ವಿಸ್ ವಾಚಿಗೆ ಸುಂಕ ಇಲ್ವಂತಲ್ಲ?" ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ನಿಜ. ಸುಂಕ ಇಳಿಯೋದು ವರ್ಷ ವರ್ಷ, ಹಂತ ಹಂತವಾಗಿ. ಅದೂ ಅಲ್ಲಿಯದೇ ಮಾಲು ಅಂತ ದಾಖಲೆ ಸಮೇತ ಆಮದಾಗುವ ಸರಕಿಗೆ. ದುಬೈ ಮಾಲ್‌ನಲ್ಲಿ ಕೊಂಡು ಜೇಬಲ್ಲಿ ಹಾಕಿಕೊಂಡು ಬಂದರೆ ಆ ಒಪ್ಪಂದ ನೆನೆಯಬೇಡಿ. ಇನ್ನು ಇಲ್ಲೇ ಶೋರೂಮಿನಲ್ಲಿ 10 ಲಕ್ಷ ಮೀರಿದ ವಾಚು ಕೊಂಡರೆ ಹಿಡಿಯುವ ಶೇ 1 ಟಿಸಿಎಸ್, ಅಂದರೆ ಅಂಗಡಿಯವರೇ ನಿಮ್ಮಿಂದ ಮುಂಚಿತವಾಗಿ ವಸೂಲಿ ಮಾಡುವ ಆದಾಯ ತೆರಿಗೆ, ಬೇರೆ ಕಥೆ. ಅದು ರಿಟರ್ನ್‌ನಲ್ಲಿ ವಾಪಸ್ ಹೊಂದಿಕೆಯಾಗುತ್ತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮಿತಿ, ದರ ಎಲ್ಲ ಬದಲಾಗುತ್ತಲೇ ಇರುತ್ತವೆ. ಮೇಲಿನ ಲೆಕ್ಕ 2023ರದು. ಹೊರಡುವ ವಾರ ಅವತ್ತಿನ ದರ ನೋಡಿಕೊಳ್ಳಿ. ನಿಮ್ಮದೇ ಬೆಲೆಬಾಳುವ ವಾಚು ಕಟ್ಟಿಕೊಂಡು ಹೊರದೇಶಕ್ಕೆ ಹೋಗುವವರಾದರೆ, ಹೋಗುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಇಲ್ಲಾಂದ್ರೆ ಬರುವಾಗ ನಿಮ್ಮ ವಾಚಿಗೆ ನೀವೇ ಸಾಕ್ಷಿ ಹುಡುಕಬೇಕಾಗುತ್ತೆ.

ನಮ್ಮ ಯಜಮಾನ್ರ ವಾಚು ಕೊನೆಗೆ ಬಿಡುಗಡೆಯಾಯಿತು. ಸುಂಕ, ಬಿಡಿಸಿಕೊಳ್ಳೋಕೆ ದಂಡ, ಅದರ ಮೇಲೆ ಪೆನಾಲ್ಟಿ. ನಿಶ್ಚಿತಾರ್ಥ ಅಷ್ಟೊತ್ತಿಗೆ ಮುಗಿದಿತ್ತು. ರಸೀದಿ ಹಿಡಿದು ಆಫೀಸಿಗೆ ಬಂದರು. ಪೆಚ್ಚಾಗಿರುತ್ತಾರೆ ಅಂದುಕೊಂಡು ನಾನು ಕಾಫಿ ತರಿಸಿದೆ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಸಾರ್, ಈ ದುಡ್ಡು ಅಂಗಡಿ ಖರ್ಚಿಗೆ ಹಾಕಾಕೆ ಬರ್ತೈತೇನ್ರೀ?"

"ಅಳಿಯಂದಿರು ಆ ವಾಚು ಕಟ್ಕೊಂಡು ಮೆಕ್ಕೆಜೋಳ ತೂಗ್ತಾರಾ, ಯಜಮಾನ್ರೇ?"

"ಎಲ್ಲೀದು ಬಿಡ್ರಿ. ಅವ್ರು ಬೆಂಗಳೂರಾಗೆ ಸಾಫ್ಟ್‌ವೇರು" ಅಂದು ಕಾಫಿ ಕುಡಿದರು.