ಒಕ್ಕಲೆಬ್ಬಿಸುವ ಭಯದಡಿ ಒಂದು ಹುಲ್ಲುಮಾಡು

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಆರ್ನಲ್ ಎಂಬ ಊರಿನಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ ಒಂದು 'ಕಪ್ಪು ಮನೆ'ಯನ್ನು ಇಂದಿಗೂ ಕಾಪಿಟ್ಟಿದ್ದಾರೆ. ಗಾರೆ ಕಾಣದ ಜೋಡಿ ಕಲ್ಲುಗೋಡೆ, ಎರಡರ ನಡುವೆ ತುಂಬಿದ ಮಣ್ಣು. ಮೇಲೆ ಹುಲ್ಲಿನ ಮಾಡು. ಕಡಲಗಾಳಿಗೆ ಹಾರದಿರಲೆಂದು ಹಗ್ಗದಲ್ಲಿ ಇಳಿಬಿಟ್ಟ ಕಲ್ಲುಗಳು. ಹೊಗೆಗೂಡು ಇಲ್ಲ. ನೆಲದ ನಡುವೆ ಪೀಟ್ ಬೆಂಕಿ ಉರಿಯುತ್ತಿತ್ತು. ಜೌಗಿನಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳೇ ಅವರ ಸೌದೆ. ದನಗಳಿಗೂ ಅದೇ ಸೂರು. ಹೊಗೆ ಕುಡಿದ ಹಳೆಯ ಹುಲ್ಲನ್ನು ಕಿತ್ತು ಆಲೂಗಡ್ಡೆಗೆ ಗೊಬ್ಬರ ಹಾಕುತ್ತಿದ್ದರು.

ಈ ಮನೆಯವರನ್ನು ಸೋಮಾರಿಗಳೆಂದು ಬರೆದ ಪ್ರವಾಸಿಗರಿದ್ದರು. ಅದು ಅನ್ಯಾಯ. ಹೆಂಗಸರು ಕಡಲಪಾಚಿಯನ್ನು ಬುಟ್ಟಿಯಲ್ಲಿ ಬೆನ್ನಿಗೆ ಹೊತ್ತು ಹೊಲಕ್ಕೆ ತರುತ್ತಿದ್ದರು. ನೇಗಿಲು ತಿರುಗದ ಕಲ್ಲುನೆಲವನ್ನು ಕಾಲಿನಿಂದ ಒತ್ತುವ 'ಕಾಸ್ ಕ್ರೋಮ್' ಎಂಬ ಗುದ್ದಲಿಯಲ್ಲಿ ಅಗೆಯುತ್ತಿದ್ದರು. ಗಂಡಸರು ಹೆರಿಂಗ್ ಮೀನಿನ ಹಿಂದೆ ಪೂರ್ವ ಕರಾವಳಿಗೆ ಹೋದರೆ, ಹುಡುಗಿಯರು ಅಲ್ಲೇ ಮೀನು ಸೀಳುವ ಕೆಲಸ ಹಿಡಿಯುತ್ತಿದ್ದರು. ಆ ದುಡ್ಡು ಬಹುಪಾಲು ಗೇಣಿಗೆ ಹೋಗುತ್ತಿತ್ತು. ಒಕ್ಕಲುತನ ಸಾಮಾನ್ಯವಾಗಿ ವರ್ಷದಿಂದ ವರ್ಷಕ್ಕೆ. ಗೋಡೆ ಕಟ್ಟಿ, ಕಲ್ಲು ಕಿತ್ತು ನೆಲ ಹಸನು ಮಾಡಿದರೆ ಗೇಣಿ ಏರಬಹುದು, ಇಲ್ಲವೇ ಹೊಲ ಇನ್ನೊಬ್ಬರ ಪಾಲಾಗಬಹುದು. ಹೀಗಿರುವಾಗ ಹೊಗೆಗೂಡು ಕಟ್ಟುವ ಧೈರ್ಯ ಯಾರಿಗೆ ಬಂದೀತು?

ಈ ಭಯದ ಬೇರು ಹಳೆಯದು. 18ನೇ ಶತಮಾನದ ಕೊನೆಯಿಂದಲೇ ಭೂಮಾಲೀಕರು ಒಳನಾಡಿನ ಕಣಿವೆಗಳನ್ನು ಕುರಿಗಳಿಗೆ ಬಿಟ್ಟು, ಜನರನ್ನು ಕಡಲಂಚಿಗೆ ತಳ್ಳತೊಡಗಿದ್ದರು. ಅಲ್ಲಿ ಕೆಲ್ಪ್ ಎಂಬ ಕಡಲಪಾಚಿಯನ್ನು ಸುಟ್ಟು ಕ್ಷಾರ ತೆಗೆಯಲು ಕೂಲಿಗಳು ಬೇಕಿದ್ದರು. ಹೊಲ ಹೊಟ್ಟೆ ತುಂಬಿಸಿದರೆ ಕೂಲಿಗೆ ಯಾರು ಬರುತ್ತಾರೆ? ತುಂಡು ನೆಲವಷ್ಟೇ ಕೊಟ್ಟರು. 1815ರಲ್ಲಿ ನೆಪೋಲಿಯನ್ ಯುದ್ಧ ಮುಗಿದ ಮೇಲೆ ಕೆಲ್ಪ್ ಬೆಲೆ ಕುಸಿಯಿತು. ಜನರಿಗೆ ಆಲೂಗಡ್ಡೆಯೇ ಗತಿಯಾಯಿತು. 1846ರಲ್ಲಿ ರೋಗ ಬಡಿದು ಆಲೂಗಡ್ಡೆಯೂ ನೆಲದಲ್ಲೇ ಕೊಳೆಯಿತು.

ಲೂಯಿಸನ್ನು 1844ರಲ್ಲಿ ಕೊಂಡಿದ್ದವನು ಜೇಮ್ಸ್ ಮ್ಯಾಥಿಸನ್. ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಮಾರಿ ಶ್ರೀಮಂತನಾದವನು. ಕ್ಷಾಮದಲ್ಲಿ ಕಾಳು ತರಿಸಿದ್ದೂ ನಿಜ, 1851ರಿಂದ ಸಾವಿರಾರು ಜನರನ್ನು ಕೆನಡಾದ ಹಡಗು ಹತ್ತಿಸಿದ್ದೂ ನಿಜ.

ತಿರುವು ಬಂದದ್ದು ಸ್ಕೈ ದ್ವೀಪದಲ್ಲಿ. ಕಳೆದುಕೊಂಡ ಬೆಟ್ಟದ ಮೇವುಗಾವಲನ್ನು ಮರಳಿ ಕೊಡುವವರೆಗೆ ಗೇಣಿ ಕೊಡೆವೆಂದು ಅಲ್ಲಿನ ಬ್ರೇಸ್ ಎಂಬಲ್ಲಿನ ಜನ ಪಟ್ಟುಹಿಡಿದರು. ನೋಟಿಸು ತಂದವನ ಕಾಗದಗಳನ್ನು ಸುಡಿಸಿದರು. 1882ರ ಏಪ್ರಿಲ್‌ನಲ್ಲಿ ಗ್ಲಾಸ್ಗೋದಿಂದ ಬಂದ ಸುಮಾರು ಐವತ್ತು ಪೊಲೀಸರನ್ನು ಎದುರಿಸಿದವರಲ್ಲಿ ಹೆಂಗಸರೇ ಮುಂದೆ, ಕೈಯಲ್ಲಿ ಕಲ್ಲು.

ಮರುವರ್ಷ ಒಕ್ಕಲುಗಳ ಸ್ಥಿತಿಗತಿ ತಿಳಿಯಲು ವಿಚಾರಣಾ ಆಯೋಗ ನೇಮಕವಾಯಿತು. ಅಧ್ಯಕ್ಷ ಲಾರ್ಡ್ ನೇಪಿಯರ್ 1866ರಿಂದ 1872ರವರೆಗೆ ಮದರಾಸಿನ ಗವರ್ನರ್ ಆಗಿದ್ದವನು. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳು ಆಗ ಅವನ ಆಡಳಿತದಲ್ಲಿದ್ದವು. ಮೊದಲ ಬೈಠಕ್ಕು ಬ್ರೇಸ್‌ನಲ್ಲೇ ನಡೆಯಿತು. ಮೊದಲ ಸಾಕ್ಷಿ ಬಾಯಿ ಬಿಡುವ ಮುನ್ನ ಕೇಳಿದ್ದು ಒಂದೇ: ನಿಜ ಹೇಳಿದ್ದಕ್ಕೆ ನನ್ನನ್ನು ಒಕ್ಕಲೆಬ್ಬಿಸುವುದಿಲ್ಲವೆಂದು ಭರವಸೆ ಕೊಡಿ. ಆಯೋಗದ ಸಂಪುಟಗಳಲ್ಲಿ ನನ್ನನ್ನು ಹೆಚ್ಚು ಕಲಕುವುದು ಈ ಬೇಡಿಕೆಯೇ.

ಊರಿಗೆ ಒಟ್ಟಾಗಿ ಹಕ್ಕು ಕೊಡಬೇಕೆಂದು ನೇಪಿಯರ್ ಸೂಚಿಸಿದ. ಮದರಾಸಿನ ಹಳ್ಳಿಗಳು ಅವನ ಮನಸ್ಸಿನಲ್ಲಿದ್ದವೆಂದು ನನ್ನ ಊಹೆ. ಸರ್ಕಾರ ಅದನ್ನು ಒಪ್ಪದೆ ಐರ್ಲೆಂಡಿನ ಮಾದರಿ ಹಿಡಿಯಿತು. 1886ರ ಕಾಯ್ದೆ ಏಳು ಕೌಂಟಿಗಳ ಒಕ್ಕಲುಗಳಿಗೆ ನೆಲೆಯ ಭದ್ರತೆ, ನ್ಯಾಯವಾದ ಗೇಣಿ, ಬಿಟ್ಟುಹೋದರೆ ಸುಧಾರಣೆಗೆ ಪರಿಹಾರ, ಮಕ್ಕಳಿಗೆ ವಾರಸಿಕೆ ಕೊಟ್ಟಿತು. ಎಷ್ಟೋ ಗೇಣಿಗಳು ಇಳಿದವು, ಹಳೆಯ ಬಾಕಿಗಳು ರದ್ದಾದವು.

ಹೊಲವೇ ಇಲ್ಲದವರಿಗೆ ಆ ಕಾಯ್ದೆಯಲ್ಲಿ ಹೆಚ್ಚೇನೂ ಇರಲಿಲ್ಲ. 1887ರ ನವೆಂಬರ್‌ನಲ್ಲಿ ಲೂಯಿಸ್‌ನ ಭೂರಹಿತರು ಪಾರ್ಕ್ ಎಂಬಲ್ಲಿನ ಬೇಟೆಕಾಡಿಗೆ ನುಗ್ಗಿ ಜಿಂಕೆಗಳನ್ನು ಕೊಂದರು. ಅದು ಹಿಂದೆ ತಮ್ಮವರು ಒಕ್ಕಲಿದ್ದ ನೆಲ. ಮುಂದಾಳುಗಳನ್ನು ಎಡಿನ್‌ಬರೋದ ನ್ಯಾಯಾಲಯ 1888ರ ಜನವರಿಯಲ್ಲಿ ಬಿಡುಗಡೆ ಮಾಡಿತು. ನೆಲ ಮಾತ್ರ ಆಗಲೂ ಅವರಿಗೆ ಸಿಗಲಿಲ್ಲ.